ಹಗಲು ಬಾಡಿಗೆಯ ನಿದ್ದೆ

ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟರು ಅಂತ ಗಾದೆ ಇದೆಯಲ್ಲ, ಕುಂಭಣ್ಣನ ವಿಷಯದಲ್ಲಿ ಅದು ಗಾದೆಯಲ್ಲ, ನೌಕರಿ. ಅವನಿದ್ದದ್ದು ಹಾಸಿಗೆ ಅಂಗಡಿಯಲ್ಲಿ. ಹತ್ತಿಯದು, ನಾರಿನದು, ಸ್ಪ್ರಿಂಗಿನದು ಅಂತ ಬಗೆಬಗೆಯ ಹಾಸಿಗೆಗಳನ್ನು ಒತ್ತಿ, ತಟ್ಟಿ, ಗಿರಾಕಿಗಳಿಗೆ ತೋರಿಸಿ ಮಾರುವುದು ಅವನ ಕೆಲಸ. ಕುಂಭಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರೂ ಅಲ್ಲ. ಬಸ್ಸಿನಲ್ಲಿ ನಿಂತುಕೊಂಡು, ಕ್ಷೌರದ ಕುರ್ಚಿಯಲ್ಲಿ ಕೂತುಕೊಂಡು, ಒಂದು ಸಲವಂತೂ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡೇ ನಿದ್ದೆ ಹೋದವನಿಗೆ ಬೀದಿಯವರು ಕುಂಭಕರ್ಣನ ಹೆಸರಿಟ್ಟು, ಮರ್ಯಾದೆಗಿರಲಿ ಅಂತ ಒಂದು ಅಣ್ಣ ಸೇರಿಸಿದ್ದರು.

ತೊಂದರೆ ಶುರುವಾದದ್ದು ಒಂದು ಮಧ್ಯಾಹ್ನ. ಹೊಸದಾಗಿ ಮನೆ ಮಾಡಿದ್ದ ಗಂಡ ಹೆಂಡತಿ ಬಂದಿದ್ದರು. ಕುಂಭಣ್ಣ ಸ್ಪ್ರಿಂಗ್ ಹಾಸಿಗೆಯ ಗುಣಗಾನ ಮಾಡುತ್ತಾ, ಹೀಗೆ ಕೂತು ನೋಡಬೇಕು ಅಂತ ತಾನೇ ಕೂತು ತೋರಿಸಿದ. ಕೂತವನು ಒರಗಿದ, ಒರಗಿದವನು ಗೊರಕೆ ಹೊಡೆದ. ಆ ಇಬ್ಬರೂ ಸ್ವಲ್ಪ ಹೊತ್ತು ಕಾದರು. ಬೆಲೆ ಯಾರನ್ನು ಕೇಳಬೇಕು ಅಂತ ತಿಳಿಯದೆ ಎದುರಿನ ಅಂಗಡಿಗೆ ಹೋಗಿ ಕೊಂಡುಕೊಂಡರು.

ಅಂಗಡಿಯ ಸಾಹುಕಾರರು ಕೂಗಾಡಲಿಲ್ಲ. ಕೂಗಾಡಿದ್ದರೆ ಕುಂಭಣ್ಣನಿಗೆ ಧೈರ್ಯವಾಗುತ್ತಿತ್ತು. ತಣ್ಣಗೆ ಹೇಳಿದರು: "ನಿಂದು ಸೋಮಾರಿತನವೋ ಕಾಯಿಲೆಯೋ ನಂಗೆ ಗೊತ್ತಿಲ್ಲ. ಕಾಯಿಲೆ ಅಂತಾದ್ರೆ ನಾಳೆ ಸಂಜೆ ಅಂಗಡಿ ಮುಚ್ಚೋದ್ರೊಳಗೆ ಡಾಕ್ಟ್ರ ಹತ್ರ ಬರೆಸ್ಕೊಂಡು ಬಾ. ಇಲ್ಲಾಂದ್ರೆ ಬೇರೆ ಕಡೆ ನೋಡ್ಕೊ."

ಅವತ್ತೇ ಸಂಜೆ ಹೋದಾಗ ಡಾಕ್ಟರು ಕತ್ತಿನ ಸುತ್ತಳತೆ ನೋಡಿದರು, ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಂತು ನಿಂತು ಹೋಗುವ ಕಾಯಿಲೆ ಇರಬಹುದು, ರಾತ್ರಿಯಿಡೀ ಮಲಗಿದರೂ ಮಲಗಿದ ಹಾಗಲ್ಲ, ಅದಕ್ಕೇ ಹಗಲು ಈ ಪಾಡು, ಹೀಗೇ ಬಿಟ್ಟರೆ ಹೃದಯಕ್ಕೆ ಪೆಟ್ಟು ಅಂದರು. ಆದರೆ ಪರೀಕ್ಷೆಯಾಗದೆ ಒಂದಕ್ಷರವನ್ನೂ ಬರೆದುಕೊಡುವುದಿಲ್ಲ ಅಂದರು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿ ಪರೀಕ್ಷೆ ಮಾಡಿಸಿಕೊಳ್ಳುವ ಖರ್ಚು ಕೇಳಿದಾಗ ಕುಂಭಣ್ಣನಿಗೆ ಬಹಳ ವರ್ಷಗಳ ಮೇಲೆ ಪೂರ್ತಿ ಎಚ್ಚರವಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುವುದನ್ನು ಹಾಸಿಗೆ ಮಾರುವವನಿಗೆ ಯಾರಾದರೂ ಹೇಳಿಕೊಡಬೇಕೇ?

ದಾರಿ ತೋರಿಸಿದವನು ಅಲ್ಲೇ ಪಕ್ಕದ ಲ್ಯಾಬಿನವನು. ಮನೆಗೆ ಒಯ್ಯುವಂಥ ಪೆಟ್ಟಿಗೆಯೊಂದಿದೆ, ಕಟ್ಟಿಕೊಂಡು ಮಲಗಿದರೆ ಉಸಿರಾಟವನ್ನೆಲ್ಲ ಅದೇ ಬರೆದುಕೊಳ್ಳುತ್ತದೆ, ರಾತ್ರಿಗಾದರೆ ಪೂರ್ತಿ ಬಾಡಿಗೆ, ಹಗಲು ಹೇಗೂ ಸುಮ್ಮನೆ ಬಿದ್ದಿರುತ್ತದೆ, ಅರ್ಧ ಬಾಡಿಗೆಗೆ ಕೊಡುತ್ತೇನೆ, ಸಂಜೆ ತಂದುಬಿಡಬೇಕು ಅಂದ. "ಆದ್ರೆ ಒಂದ್ ಮಾತು. ಎರಡು ಗಂಟೆಯಾದ್ರೂ ನಿದ್ದೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಪೆಟ್ಟಿಗೆ ಖಾಲಿ, ನಿಮ್ ಬಾಡಿಗೆನೂ ಹೋಯ್ತು."

ಕುಂಭಣ್ಣ ನಕ್ಕುಬಿಟ್ಟ. ಮೀನನ್ನು ಹಿಡಿದು ನಿನಗೆ ಈಜು ಬರುತ್ತಾ ಅಂತ ಕೇಳಿದ ಹಾಗಿತ್ತು ಅವನಿಗೆ.

ನಗಬಾರದಿತ್ತು.

ಮರುದಿನ ಬೆಳಿಗ್ಗೆ ಪೆಟ್ಟಿಗೆ ತಂದು, ತಿಂಡಿ ಮುಗಿಸಿ, ಕಿಟಕಿಗೆ ಹೊದಿಕೆ ಕಟ್ಟಿ ಕೋಣೆಯನ್ನು ಕತ್ತಲು ಮಾಡಿಕೊಂಡ. ಎದೆಗೆ ಪಟ್ಟಿ ಬಿಗಿದು, ಮೂಗಿಗೆ ಸಣ್ಣ ನಳಿಗೆ ಸಿಕ್ಕಿಸಿ, ಬೆರಳಿಗೆ ಕ್ಲಿಪ್ಪು ಹಾಕಿದ್ದು ಹೆಂಡತಿ. ಹಾಕುತ್ತಾ ಹಾಕುತ್ತಾ ಅವಳ ಕಣ್ಣು ತುಂಬಿಕೊಂಡಿತು. "ನೀವೇನೋ ಬಿದ್ದ ತಕ್ಷಣ ಮಲಗ್ತೀರಿ. ನಿಮ್ಮ ಉಸಿರು ನಿಂತಾಗೆಲ್ಲ ನಂದೂ ನಿಂತುಬಿಡತ್ತೆ ರೀ. ಮತ್ತೆ ಗೊರ್ ಅನ್ನೋವರೆಗೂ ನಾನು ದೇವರಿಗೆ ಕೈಮುಗಿದುಕೊಂಡು ಕೂತಿರ್ತೀನಿ. ಇದೊಂದು ವಾಸಿ ಮಾಡಿಸ್ಕೊಳಿ, ನಂಗೆ ಇನ್ನೇನೂ ಬೇಡ" ಅಂದಳು. ಕುಂಭಣ್ಣ ಅವಳ ಕಣ್ಣೊರೆಸಿದ. ಆಯಿತು ಮಾರಾಯ್ತಿ, ಮಾಡಿಸಿಕೊಳ್ಳುತ್ತೇನೆ ಅಂತ ಮಾತು ಕೊಟ್ಟು ಮಗ್ಗುಲಾದ.

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸುಸೂತ್ರವಾಗಿ ನಡೆದುಹೋಗುತ್ತಿತ್ತು. ಆದರೆ ಹೆಂಡತಿಗೆ ಗಂಡನ ನಿದ್ದೆಗೆ ಭಂಗ ಬರಬಾರದು ಅಂತ ಆಸೆ. ಅದಕ್ಕೆ ಅವಳು ಏನು ಮಾಡಿದಳು? ವಠಾರದ ಪ್ರತಿ ಬಾಗಿಲಿಗೂ ಹೋಗಿ, ಇವತ್ತು ನಮ್ಮನೆಯವರು ಪರೀಕ್ಷೆಗೆ ಮಲಗಿದ್ದಾರೆ, ಯಾರೂ ಬರಬೇಡಿ, ಸದ್ದು ಮಾಡಬೇಡಿ ಅಂತ ಹೇಳಿ ಬಂದಳು. ಬರಬೇಡಿ ಅಂತ ಮನೆಮನೆಗೆ ಹೋಗಿ ಕರೆದ ಮೇಲೆ ಯಾರು ತಾನೇ ಬರದೆ ಇರುತ್ತಾರೆ?

ಮೊದಲು ಬಂದವರು ಎದುರುಮನೆಯಾಕೆ. ಬಾಗಿಲು ಬಡಿಯದೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಕುಂಭಣ್ಣನ ಮುಖದ ಹತ್ತಿರ ಬಗ್ಗಿ, ನಿದ್ದೆ ಬಂತಾ ಅಂತ ಪಿಸುಗುಟ್ಟಿ ಕೇಳಿದರು. ಬರುತ್ತಿದ್ದ ನಿದ್ದೆ ಹೊಸ್ತಿಲಲ್ಲೇ ಹಿಂತಿರುಗಿತು. ಆಕೆಯ ಹಿಂದೆಯೇ ಮಹಡಿ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಬಂದರು. ಅವರ ಪ್ರಕಾರ ಇದು ಕಾಯಿಲೆಯೇ ಅಲ್ಲ, ಎದೆ ಸೆಟೆಸಿ ನಿಲ್ಲದವರಿಗೆಲ್ಲ ಬರುವ ಶಿಕ್ಷೆ. ಪಟ್ಟಿ, ನಳಿಗೆ ಸಮೇತ ಅವನನ್ನು ಎಬ್ಬಿಸಿ ನಿಲ್ಲಿಸಿ, ಉಸಿರು ಒಳಗೆ, ಉಸಿರು ಹೊರಗೆ ಅಂತ ಚಪ್ಪಾಳೆ ತಟ್ಟಿ ಮಾಡಿಸಿದರು. ಮೇಷ್ಟ್ರ ಮಾತು ಮೀರುವ ಧೈರ್ಯ ಆ ವಠಾರದಲ್ಲಿ ಯಾರಿಗೂ ಇರಲಿಲ್ಲ. ಇಷ್ಟಾದ ಮೇಲೆ ಕುಂಭಣ್ಣನ ಮೈಯ ಕಣಕಣವೂ ಎಚ್ಚೆತ್ತು ಕೂತಿತು.

ಎಲ್ಲರನ್ನೂ ಹೊರಗಟ್ಟಿದ್ದು ಅತ್ತೆ. ಅವರು ಮಗಳ ಫೋನು ಬಂದ ಕೂಡಲೇ ಮೊದಲ ಬಸ್ಸು ಹಿಡಿದು ಬಂದಿದ್ದರು. ಬಾಗಿಲಿಗೆ ಚಿಲಕ ಹಾಕಿ, ಅಳಿಯನ ತಲೆಯ ಬಳಿ ಸ್ಟೂಲು ಎಳೆದುಕೊಂಡು ಕೂತರು. ಕತ್ತಲು, ಮೌನ. ಕುಂಭಣ್ಣನಿಗೆ ಕಣ್ಣು ಎಳೆಯಿತು. ಹಾಯಾಗಿ ಜಾರಿದ. ಅಷ್ಟರಲ್ಲಿ ಯಾರೋ ಭುಜ ಹಿಡಿದು ಅಲ್ಲಾಡಿಸಿದರು. ಏನತ್ತೆ ಅಂದ. ಏನಿಲ್ಲ ಅಂದರು. ಮತ್ತೆ ಜಾರಿದ, ಮತ್ತೆ ಅಲ್ಲಾಡಿಸಿದರು. ಮೂರನೆಯ ಸಲ ಎದ್ದು ಕೂತು, ಯಾಕೆ ಎಬ್ಬಿಸುತ್ತೀರಿ ಅಂತ ಅಳುವ ದನಿಯಲ್ಲಿ ಕೇಳಿದ.

"ಉಸಿರು ನಿಂತುಬಿಟ್ಟಿತ್ತು ಅಳಿಯಂದಿರೇ" ಅಂದರು ಅತ್ತೆ.

"ಅದು ನಿಲ್ಲಲಿ ಅಂತಲೇ ಅತ್ತೆ ಬಾಡಿಗೆ ಕೊಟ್ಟಿರೋದು."

"ನೀವು ಬಾಡಿಗೆ ಕೊಟ್ಟಿದ್ದೀರಿ ಅಂತ ನಾನು ನೋಡ್ಕೊಂಡು ಕೂರೋಕಾಗತ್ತಾ? ಮಗಳನ್ನ ಕೊಟ್ಟಿದ್ದೀನಿ."

ಮಧ್ಯಾಹ್ನ ಹತ್ತಿರವಾಗುತ್ತಿತ್ತು, ಪೆಟ್ಟಿಗೆ ಖಾಲಿಯಾಗಿಯೇ ಇತ್ತು. ಈ ಪುಣ್ಯಾತ್ಮರ ನಡುವೆ ನಿದ್ದೆ ಇರಲಿ, ಸಾಯುವುದಕ್ಕೂ ಪುರುಸೊತ್ತು ಸಿಗುವುದಿಲ್ಲ ಅಂತ ಹಲ್ಲು ಕಚ್ಚಿಕೊಂಡ ಕುಂಭಣ್ಣ, ಮೇಲೊಂದು ದೊಗಳೆ ಕೋಟು ಹಾಕಿಕೊಂಡು ಮನೆಯಿಂದ ಹೊರಬಿದ್ದ. ಬಸ್ಸಿನಲ್ಲಂತೂ ನಿದ್ದೆ ಖಂಡಿತ. ಇಷ್ಟು ವರ್ಷದಲ್ಲಿ ಅವನು ತನ್ನ ಸ್ಟಾಪಿನಲ್ಲಿ ತಾನಾಗಿ ಇಳಿದದ್ದೇ ಕಡಿಮೆ. ಕೊನೆಯ ಸ್ಟಾಪಿನವರೆಗೆ ಹೋಗಿ ಬಂದರೆ ಕೆಲಸವಾಯಿತು ಅಂದುಕೊಂಡ.

ಆದರೆ ಮೂಗಿನಲ್ಲಿ ನಳಿಗೆ ಇಟ್ಟುಕೊಂಡವನನ್ನು ಬಸ್ಸಿನ ಜನ ಸುಮ್ಮನೆ ಬಿಡುತ್ತಾರೆಯೇ? ಮೊದಲು ಪಾಪ ಅಂತ ಎದ್ದು ಜಾಗ ಕೊಟ್ಟರು. ಆಮೇಲೆ ಅಂಟುರೋಗವಿರಬಹುದು ಅಂತ ಅಕ್ಕಪಕ್ಕದ ಸೀಟುಗಳನ್ನೆಲ್ಲ ಖಾಲಿ ಮಾಡಿದರು. ಕೋಟಿನೊಳಗೆ ಹಸಿರು ದೀಪ ಮಿಣುಕುವುದನ್ನು ನೋಡಿದ ಒಬ್ಬರು ಕಂಡಕ್ಟರನ ಕಿವಿಯಲ್ಲಿ ಏನೋ ಹೇಳಿದರು. ಕಂಡಕ್ಟರ್ ದೂರದಲ್ಲೇ ನಿಂತು ಸೀಟಿ ಊದಿ, ದಯವಿಟ್ಟು ಇಳಿದುಬಿಡಿ ಯಜಮಾನ್ರೇ ಅಂತ ಕೇಳಿಕೊಂಡ. ಇಳಿದ. ಇಳಿದದ್ದು ನೋಡಿದರೆ ಅಂಗಡಿಯ ಬೀದಿ.

ಅಂಗಡಿಯಲ್ಲಿ ಸಾಹುಕಾರರು ಇರಲಿಲ್ಲ. ಮಾಲು ಇಳಿಸಿಕೊಳ್ಳಲು ಗೋಡೌನಿಗೆ ಹೋಗಿದ್ದರು. ದುಡ್ಡು ತೆಗೆದುಕೊಳ್ಳುವ ಕೌಂಟರಿನ ಅಕ್ಕ ಒಬ್ಬರೇ ಕೂತಿದ್ದರು. ಇವನ ಮುಖ ನೋಡಿದ್ದೇ ಅವರಿಗೆ ಕರುಳು ಚುರುಕ್ ಅಂತು. ಸಂಜೆಯೊಳಗೆ ನಿದ್ದೆ ಬರದಿದ್ದರೆ ನನ್ನ ಅನ್ನಕ್ಕೆ ಕಲ್ಲು ಬೀಳುತ್ತೆ ಅಕ್ಕ ಅಂತ ಹೇಳಿಕೊಂಡ. ಎಲ್ಲಾದರೂ ಮಲಗಪ್ಪ, ನಾನು ನೋಡಿಲ್ಲ ಅಂದರು ಅಕ್ಕ.

ಎಲ್ಲಿ ಮಲಗುವುದು? ಒಳಗಿದ್ದ ಹಾಸಿಗೆಗಳೆಲ್ಲ ಪ್ಲಾಸ್ಟಿಕ್ ಹೊದ್ದಿದ್ದವು. ಮಗ್ಗುಲಾದರೆ ಹಪ್ಪಳ ಮುರಿದ ಹಾಗೆ ಸದ್ದು. ಪ್ಲಾಸ್ಟಿಕ್ ಬಿಚ್ಚಿದ್ದು ಒಂದೇ ಒಂದು, ಬೀದಿ ಕಡೆಯ ಗಾಜಿನ ಹಿಂದೆ ಪ್ರದರ್ಶನಕ್ಕೆ ಇಟ್ಟದ್ದು. ಕುಂಭಣ್ಣ ಗಾಜಿಗೆ ಪರದೆ ಎಳೆದು, ಚಪ್ಪಲಿ ಬಿಟ್ಟು, ಅದರ ಮೇಲೆ ಬಿದ್ದ. ಕೋಟು ಬಿಚ್ಚಿದ್ದು ಮಾತ್ರ ಅವನಿಗೆ ನೆನಪು.

ನಿದ್ದೆಯಲ್ಲಿ ಉಸಿರಿಗಾಗಿ ಒದ್ದಾಡುವವನು ಕೈಕಾಲು ಸುಮ್ಮನೆ ಇಟ್ಟುಕೊಂಡಿರುತ್ತಾನೆಯೇ? ಒಂದು ಸಲ ಕೈ ಬೀಸಿದ, ಪರದೆ ಸರಳು ಸಮೇತ ಕಳಚಿ ಬಿತ್ತು. ಅಕ್ಕ ಓಡಿ ಬರುವಷ್ಟರಲ್ಲಿ ಗಾಜಿನ ಹೊರಗೆ ನಾಲ್ಕು ಜನ ನಿಂತಿದ್ದರು. ನಾಲ್ಕು ಜನ ನಿಂತ ಕಡೆ ನಲವತ್ತು ಜನ ನಿಲ್ಲುವುದಕ್ಕೆ ಎಷ್ಟು ಹೊತ್ತು ಬೇಕು? ಎದೆಗೆ ಪಟ್ಟಿ, ಮೂಗಿಗೆ ನಳಿಗೆ, ಮಿಣುಕುವ ದೀಪ, ಗಾಜು ನಡುಗಿಸುವ ಗೊರಕೆ. ಬೀದಿಯಲ್ಲಿ ಲಾರಿಗಳು ಹಾರನ್ ಹೊಡೆಯುತ್ತಿದ್ದರೂ ಇವನಿಗೆ ಪರಿವೆಯೇ ಇಲ್ಲ. ಒಬ್ಬಾಕೆ ಒಳಗೆ ಬಂದು ಏನಿದು ಅಂತ ಕೇಳಿದರು. ಅವನ ಕಾಯಿಲೆಯನ್ನು ಬೀದಿಗೆ ಹಾಕಲು ಅಕ್ಕನಿಗೆ ಮನಸ್ಸು ಬರಲಿಲ್ಲ. ಪರೀಕ್ಷೆ ನಡೀತಿದೆ ಅಂದರು, ಅಷ್ಟೇ. ಉಳಿದದ್ದನ್ನು ಜನ ತಾವೇ ಕಟ್ಟಿಕೊಂಡರು. ಹಾಸಿಗೆ ಪರೀಕ್ಷೆಯಂತೆ, ಮಿಷನ್ ಇಟ್ಟು ನೋಡುತ್ತಿದ್ದಾರಂತೆ, ಎಂಥವರಿಗೂ ಹಗಲಲ್ಲೇ ಇಂಥ ನಿದ್ದೆ ಬರುತ್ತಂತೆ.

ಗೋಡೌನಿನಿಂದ ಬಂದ ಸಾಹುಕಾರರು ಗುಂಪು ನೋಡಿ ಅಂಗಡಿಗೆ ಬೆಂಕಿ ಬಿತ್ತು ಅಂದುಕೊಂಡೇ ನುಗ್ಗಿದರು. ಗಾಜಿನ ಹಿಂದೆ ಕುಂಭಣ್ಣನನ್ನು ಕಂಡು ಒದೆಯಲು ಕಾಲೆತ್ತಿದ್ದೂ ನಿಜ. ಅಷ್ಟರಲ್ಲಿ ಯಾರೋ ಅವರ ತೋಳು ಹಿಡಿದು, ಇದೇ ಹಾಸಿಗೆ ಇನ್ನೂ ಇದೆಯಾ ಅಂತ ಕೇಳಿದರು. ಎತ್ತಿದ ಕಾಲನ್ನು ಸಾಹುಕಾರರು ಮೆಲ್ಲಗೆ ಇಳಿಸಿದರು. ವ್ಯಾಪಾರ ಅವರ ರಕ್ತದಲ್ಲಿತ್ತು.

ಕುಂಭಣ್ಣ ಕಣ್ಣು ಬಿಟ್ಟಾಗ ಗಾಜಿಗೆ ಮೂಗು ಒತ್ತಿಕೊಂಡ ಮುಖಗಳ ಸಾಲು, ತಲೆಯ ಬಳಿ ಸಾಹುಕಾರರು. ಮುಗಿಯಿತು ನನ್ನ ಕತೆ ಅಂತ ಎರಡೂ ಕೈ ಜೋಡಿಸಿದ. ಸಾಹುಕಾರರು ಅವನ ಕೈಗೆ ಟೀ ಲೋಟ ಇಟ್ಟರು. ಆ ನಮೂನೆಯ ಹಾಸಿಗೆ ಅಂಗಡಿಯಲ್ಲಿ ಒಂದೂ ಉಳಿದಿರಲಿಲ್ಲ, ಅವನು ಮಲಗಿದ್ದದ್ದೂ ಮಾರಾಟವಾಗಿತ್ತು. ಕೊಂಡವರು ಅವನು ಏಳಲಿ ಅಂತ ಪಾಪ ಕಾಯುತ್ತಿದ್ದರು.

ಟೀ ಕುಡಿದವನೇ ಲ್ಯಾಬಿಗೆ ಓಡಿದ. ಪೆಟ್ಟಿಗೆ ತುಂಬಿತ್ತು. ಕಾಯಿಲೆ ಇರುವುದು ಹೌದು, ಸಣ್ಣದಲ್ಲ, ಜೋರಾಗಿಯೇ ಇದೆ ಅಂತ ಡಾಕ್ಟರು ಬರೆದುಕೊಟ್ಟರು. ರಾತ್ರಿ ಮೂಗಿಗೆ ಕಟ್ಟಿಕೊಳ್ಳುವ ಗಾಳಿ ಯಂತ್ರವೊಂದಿದೆ, ಅದಾದರೆ ಉಸಿರು ನಿಲ್ಲುವುದಿಲ್ಲ, ಗೊರಕೆ ಇಲ್ಲ, ಹಗಲು ತೂಕಡಿಕೆಯೂ ಇಲ್ಲ, ಹೊಸ ಮನುಷ್ಯ ಆಗುತ್ತೀರಿ ಅಂದರು. ಬೆಲೆ ಕೇಳಿ ಅವನು ಗೋಡೆ ಹಿಡಿದುಕೊಂಡ. ಕಂತಿನಲ್ಲಿ ಕೊಡುತ್ತಾರೆ, ನೌಕರಿ ಇದೆ ಅಂತ ನಿಮ್ಮ ಯಜಮಾನರ ಸಹಿ ಒಂದು ಸಾಕು ಅಂತ ಸಮಾಧಾನ ಹೇಳಿದರು. ಕಾಯಿಲೆ ಇದೆ ಅಂತ ಗೊತ್ತಾಗಿ ಅಷ್ಟು ಸಂತೋಷಪಟ್ಟವನನ್ನು ಅವರು ನೋಡಿಯೇ ಇರಲಿಲ್ಲವಂತೆ.

ಅಂಗಡಿ ಮುಚ್ಚುವ ಹೊತ್ತಿಗೆ ಸರಿಯಾಗಿ ಹೋಗಿ ಕಾಗದಗಳನ್ನು ಸಾಹುಕಾರರ ಮುಂದಿಟ್ಟ. ಅವರು ಕಾಯಿಲೆಯ ಕಾಗದ ಓದಿ ತಲೆದೂಗಿದರು. ಕೆಲಸದ ಚಿಂತೆ ಬಿಡು, ನಾಳೆಯಿಂದ ನೀನು ಮಾರುವುದೂ ಬೇಡ, ಊಟವಾದ ಮೇಲೆ ಪಟ್ಟಿ ನಳಿಗೆ ಕಟ್ಟಿಕೊಂಡು ಗಾಜಿನ ಹಿಂದೆ ಮಲಗಿದರೆ ಸಾಕು ಅಂದರು. ಸಂಬಳ ಅಷ್ಟೇ, ಮಲಗುವುದಕ್ಕೆ ಯಾರೂ ಜಾಸ್ತಿ ಕೊಡುವುದಿಲ್ಲ ಅಂತಲೂ ಸೇರಿಸಿದರು. ಕುಂಭಣ್ಣ ಅವರ ಕಾಲಿಗೆ ಬೀಳುವುದೊಂದು ಬಾಕಿ. ಯಂತ್ರದ ಕಂತಿಗೆ ಇಲ್ಲೊಂದು ಸಹಿ ಹಾಕಿಬಿಡಿ ಅಂತ ಇನ್ನೊಂದು ಕಾಗದ ಸರಿಸಿದ. ಸಾಹುಕಾರರು ಪೆನ್ನು ತೆಗೆದರು, ತಡೆದರು.

"ಈ ಮಿಷನ್ ಕಟ್ಕೊಂಡ್ರೆ ಹಗಲು ನಿದ್ದೆ ಬರತ್ತಾ?"

"ಒಂದು ಆಕಳಿಕೆನೂ ಬರಲ್ಲ ಸಾರ್" ಅಂದ ಕುಂಭಣ್ಣ, ಉತ್ಸಾಹದಿಂದ. "ಡಾಕ್ಟ್ರೇ ಹೇಳಿದ್ದಾರೆ."

ಸಾಹುಕಾರರು ಪೆನ್ನಿನ ಮುಚ್ಚಳ ಹಾಕಿದರು. "ಹಾಗಾದ್ರೆ ನಿನ್ನ ಇಟ್ಕೊಂಡು ನಾನೇನಪ್ಪ ಮಾಡ್ಲಿ?"

ಯಂತ್ರ ತರಬೇಕಾದರೆ ಕೆಲಸ ಇರಬೇಕು, ಕೆಲಸ ಇರಬೇಕಾದರೆ ಯಂತ್ರ ತರಬಾರದು. ಇದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾ ಕುಂಭಣ್ಣ ಮನೆಗೆ ಬಂದ. ಬಸ್ಸಿನಲ್ಲಿ ನಿದ್ದೆ ಕೂಡ ಬರಲಿಲ್ಲ. ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು, ಹಿಂದೆ ಅತ್ತೆ, ಅವರ ಹಿಂದೆ ವಠಾರ.

"ಕೆಲಸ?" ಅಂತ ಕೇಳಿದಳು ಹೆಂಡತಿ.

"ಇದೆ."

"ಕಾಯಿಲೆ?"

"ಅದೂ ಇರ್ಬೇಕಂತೆ" ಅಂದ ಕುಂಭಣ್ಣ.