ನಿದ್ದೆ ಬಾರದ ರಾಜಕುಮಾರಿಗೆ ನಾನು ಹಾಸಿದ ಹಾಸಿಗೆ

ಹಾಸಿಗೆಯ ವಿಷಯದಲ್ಲಿ ನನಗೆ ಎದುರಾಡುವ ಗಂಡಸು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ! ಹುಟ್ಟಿದ್ದರೂ ಚಿಂತೆಯಿಲ್ಲ. ಅವನನ್ನು ನಮ್ಮ ಅಂಗಡಿಯ ಮೂಲೆ ಹಾಸಿಗೆಯ ಮೇಲೆ ಮಲಗಿಸಿ, ದನಿ ತಗ್ಗಿಸಿ, ಬೆನ್ನುಮೂಳೆಯ ಬಗ್ಗೆ ನಾಲ್ಕು ಮಾತಾಡಿ ಕಣ್ಣು ಮುಚ್ಚಿಸಿಬಿಡುತ್ತೇನೆ. ನಮ್ಮಲ್ಲಿ ವ್ಯಾಪಾರ ಕುದುರುವುದೇ ಹಾಗೆ. ಗಿರಾಕಿ ಆಕಳಿಸಿದರೆ ಅರ್ಧ ಗೆದ್ದಂತೆ. ಗೊರಕೆ ಹೊಡೆದರೆ ಬಿಲ್ಲು ಹರಿಯುವುದೊಂದೇ ಬಾಕಿ!

ಇಂಥ ಮಹಾನುಭಾವನ ಹೆಂಡತಿ ಒಪೆರಾ ಹಾಡುಗಾರ್ತಿ. ಒಪೆರಾ ಎಂದರೆ ಗೊತ್ತಲ್ಲ, "ಬಾಗಿಲು ತೆಗಿ" ಅನ್ನುವುದನ್ನೂ ಹಾಡಿಯೇ ಹೇಳುವ ನಾಟಕ. ಬಾಗಿಲು ತೆಗೆಯುವ ಹೊತ್ತಿಗೆ ಒಂದು ಅಂಕ ಮುಗಿದಿರುತ್ತದೆ. ನನ್ನವಳು ಇಷ್ಟು ವರ್ಷ ಹಿಂದಿನ ಸಾಲಿನ ಗುಂಪಿನಲ್ಲಿ ನಿಂತು ಹಾಡುತ್ತಿದ್ದಳು. ಒಮ್ಮೆ ಅಲೆಯಾಗಿದ್ದಳು, ಒಮ್ಮೆ ಹೊಗೆಯಾಗಿದ್ದಳು, ಕಳೆದ ವರ್ಷ ಕೋಟೆಯ ಎಡಗೋಡೆಯಾಗಿದ್ದಳು. ಅಂಥವಳು ಒಂದು ದಿನ ಚಪ್ಪಲಿಯನ್ನೂ ಕಳಚದೆ ಮನೆಯೊಳಗೆ ಓಡಿಬಂದಳು.

"ರೀ! ನಾನೇ ರಾಜಕುಮಾರಿ!"

"ಅದನ್ನ ಮದುವೆ ದಿನದಿಂದ ಹೇಳ್ತಾನೇ ಇದೀಯಲ್ಲೇ."

"ಅಯ್ಯೋ, ಒಪೆರಾದಲ್ಲಿ ರೀ! ಮುಖ್ಯ ಪಾತ್ರ!"

ಕಥೆ ನೀವೂ ಚಿಕ್ಕಂದಿನಲ್ಲಿ ಕೇಳಿರುತ್ತೀರಿ. ಹಾಸಿಗೆಯ ಮೇಲೆ ಹಾಸಿಗೆ ಪೇರಿಸಿ ಮಲಗಿಸಿದರೂ, ಎಲ್ಲಕ್ಕಿಂತ ಕೆಳಗಿದ್ದ ಒಂದೇ ಒಂದು ಬಟಾಣಿ ಕಾಳು ಒತ್ತಿ ನಿದ್ದೆ ಬಾರದೆ ಒದ್ದಾಡಿದ ಆ ನಾಜೂಕಿನ ರಾಜಕುಮಾರಿಯ ಕಥೆ. ಅದನ್ನು ಈಗಿನ ಕಾಲದ ಸಂಗೀತಗಾರರೊಬ್ಬರು ಹೊಸ ಒಪೆರಾ ಮಾಡಿದ್ದರು. ಅವರ ಒಪೆರಾದಲ್ಲಿ ರಾಜಕುಮಾರನಿಲ್ಲ, ಮದುವೆಯಿಲ್ಲ. ರಾಜಕುಮಾರಿ ಇದ್ದಾಳೆ, ಬಟಾಣಿ ಇದೆ, ಮಿಕ್ಕಿದ್ದೆಲ್ಲ ಮೌನ. ಬೇರೆಯವರು ರಾಗ ಕಟ್ಟಿದರೆ ಈ ಮಹಾಶಯರು ರಾಗಗಳ ನಡುವಿನ ಸಂದು ಕಟ್ಟುತ್ತಾರೆ. ಅವರಿಗೆ ನಾನಿಟ್ಟ ಹೆಸರು ಮೌನಪ್ಪ.

ಮೊದಲ ಪ್ರದರ್ಶನಕ್ಕೆ ಊರಿನ ದೊಡ್ಡ ಒಪೆರಾ ಮಂದಿರದ ಮುಖ್ಯಸ್ಥರು ಬರುವವರಿದ್ದರು. ಅವರಿಗೆ ಹಿಡಿಸಿದರೆ ನನ್ನವಳಿಗೆ ಅಲ್ಲಿ ಕಾಯಂ ಗಾಯಕಿಯ ಕೆಲಸ. ಹಿಡಿಸದಿದ್ದರೆ ಮತ್ತೆ ಎಡಗೋಡೆ! ಈ ಭಯಕ್ಕೆ ಅವಳು ಮನೆಯಲ್ಲೂ ಕಣ್ಣು ಮುಚ್ಚುತ್ತಿರಲಿಲ್ಲ. ಅದರ ಮೇಲೆ ಬೆನ್ನುನೋವು ಬೇರೆ.

"ತಾಲೀಮಲ್ಲಿ ಆ ಹಾಸಿಗೆ ಮೇಲೆ ಮಲಗಿ ಮಲಗಿ ಬೆನ್ನು ನೆಟ್ಟಗೆ ನಿಲ್ತಿಲ್ಲ ರೀ. ರಟ್ಟಿಗೆ ಗೋಣಿ ಸುತ್ತಿಟ್ಟಿದ್ದಾರೆ."

"ಗೋಣಿನಾ! ಹಾಸಿಗೆ ಅಂಗಡಿಯವನ ಹೆಂಡತಿ ಗೋಣಿ ಮೇಲೆ! ಇನ್ನು ನೀನು ಸುಮ್ಮನಿರು. ನಿನ್ನ ಹಾಸಿಗೆ ನನ್ನ ಜವಾಬ್ದಾರಿ!"

"ಬೇಡ ರೀ. ಅಲ್ಲಿ ನನಗೆ ನಿದ್ದೆ ಬರಬಾರದು. ಕಥೆನೇ ಅದು."

"ನಿದ್ದೆ ಬರದೇ ಇರೋದು ನಟನೆ ಕಣೇ. ಬೆನ್ನು ಮಾತ್ರ ನಿಜ!"

ಆಹಾ, ಎಂಥ ಮಾತು! ಮೆಟ್ಟಿಲು ಇಳಿಯುತ್ತ ಅದನ್ನೇ ಇನ್ನೊಮ್ಮೆ ನನಗೆ ನಾನೇ ಹೇಳಿಕೊಂಡೆ.

ನಮ್ಮ ಅಂಗಡಿಯಲ್ಲಿ ಗಾಜಿನ ಕಿಟಕಿಯ ಪಕ್ಕ ಪ್ರದರ್ಶನಕ್ಕಿಟ್ಟ ಒಂದು ಫೋಮ್ ಹಾಸಿಗೆಯಿದೆ. ನಾವು ಅದನ್ನು 'ಮೋಡ' ಅನ್ನುತ್ತೇವೆ. "ಪಕ್ಕದಲ್ಲಿ ಆನೆ ಹೊರಳಿದರೂ ನಿಮಗೆ ಗೊತ್ತಾಗಲ್ಲ" ಎಂದು ಹೇಳಿಯೇ ಅದನ್ನು ಮಾರುವುದು. ಯಜಮಾನರ ಕಾಲು ಹಿಡಿದು ಅದನ್ನು ಮೊದಲ ಪ್ರದರ್ಶನದ ದಿನದ ಮಟ್ಟಿಗೆ ಎರವಲು ಪಡೆದೆ. ತಲೆಯ ಮೇಲೆ ಹೊತ್ತೆ. ಅದು ಎರಡೂ ಕಡೆ ಇಳಿಬಿದ್ದು, ನನಗೆ ಕಾಣುತ್ತಿದ್ದದ್ದು ನನ್ನ ಚಪ್ಪಲಿ ಮಾತ್ರ. ದಾರಿಯಲ್ಲಿ ಒಂದು ಕ್ಷೌರದಂಗಡಿಯೊಳಗೆ ಹೊಕ್ಕು, ಎದುರಿಗಿದ್ದ ಕನ್ನಡಿಗೆ "ಸ್ವಲ್ಪ ದಾರಿ ಬಿಡಿ ಸ್ವಾಮಿ" ಎಂದು ವಿನಂತಿಸಿಕೊಂಡೆ. ಕೊನೆಗೂ ರಂಗಮಂದಿರ ತಲುಪಿ, ಗೋಣಿ ಕಿತ್ತೆಸೆದು, ಮೋಡ ಹಾಸಿದೆ!

ರಂಗದ ಮೇಲಿನ ಹಾಸಿಗೆಯ ಗೋಪುರ ಬರೀ ಮೋಸ. ಮುಂದುಗಡೆ ಹಾಸಿಗೆಗಳ ಅಂಚು ಕಾಣುತ್ತದೆ, ಒಳಗೆ ಪೊಳ್ಳು ಮರದ ಚೌಕಟ್ಟು. ತುದಿಯಲ್ಲಿ ಅಡ್ಡಪಟ್ಟಿಗಳು, ಅವುಗಳ ಮೇಲೆ ಅಸಲಿ ಹಾಸಿಗೆ. ಕೆಳಗೆ ಒಳಗಡೆ ಒಬ್ಬ ಕುಳಿತು ಹಸಿರು ಬಲ್ಬ್ ಹೊತ್ತಿಸಬೇಕು. ಅದೇ ಬಟಾಣಿ. ಬಲ್ಬಿನವನಿಗೆ ಅವತ್ತೇ ಜ್ವರ ಬಂದಿತ್ತು. ನಾನು ಕೈ ಎತ್ತದೆ ಇರುತ್ತೇನೆಯೇ?

ಮೌನಪ್ಪನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೋಡಿ, ನೀವು ಬಟಾಣಿ. ಬಟಾಣಿ ಮಾತಾಡಲ್ಲ, ಕೆಮ್ಮಲ್ಲ, ಅಭಿಪ್ರಾಯ ಹೇಳಲ್ಲ."

"ಮದುವೆಯಾಗಿದೆ ಸರ್. ಅಭ್ಯಾಸ ಇದೆ."

ಪರದೆ ಎದ್ದಿತು. ಮುಂದಿನ ಸಾಲಿನಲ್ಲಿ ಆ ಮುಖ್ಯಸ್ಥರು, ಅವರ ಹಿಂದೆಯೇ ನಮ್ಮ ಅತ್ತೆ. ನಾನು ಗೋಪುರದ ಸಂದಿನಿಂದ ಎಲ್ಲವನ್ನೂ ನೋಡುತ್ತಿದ್ದೆ. ನನ್ನವಳು ಬಿರುಗಾಳಿಯ ಹಾಡು ಹಾಡಿದಳು, ನನಗೆ ಮೈ ಜುಮ್ಮೆಂದಿತು! ಏಣಿ ಹತ್ತಿದಳು. ಮಲಗಿದಳು. ವಾದ್ಯದವರಿಗೆ ಸನ್ನೆ ಕೊಡುತ್ತಿದ್ದ ಮೌನಪ್ಪನವರು ಕೈ ಕೆಳಗಿಳಿಸಿದರು. ವಾದ್ಯಗಳೆಲ್ಲ ನಿಂತವು. ಇದೇ ಅವರ ಪ್ರಸಿದ್ಧ ಮಹಾಮೌನ! ಈಗ ಅವಳು ಹೊರಳಾಡಬೇಕು, ನರಳಬೇಕು. ಆಮೇಲೆ ಪಿಟೀಲು ಶುರುವಾದ ಕೂಡಲೇ ಎದ್ದು ಕೂತು ಆ ದೊಡ್ಡ ಹಾಡು ಹಾಡಬೇಕು.

ನಾನು ಬಲ್ಬ್ ಹೊತ್ತಿಸಿ ಕಾದೆ. ಮೇಲೆ ಅಲುಗಾಟವಿಲ್ಲ. ಇನ್ನೂ ಕಾದೆ.

"ಕೊರ್ರ್ರ್..."

ಇಷ್ಟು ವರ್ಷ ಗಿರಾಕಿಗಳ ಗೊರಕೆ ಕೇಳಿ ಪಳಗಿದ ಕಿವಿ ನನ್ನದು. ಇದು ನಟನೆಯ ಗೊರಕೆಯಲ್ಲ, ಬಿಲ್ಲು ಹರಿಯುವ ಗೊರಕೆ!

ಅತ್ತೆಯ ದನಿ ಕೇಳಿಸಿತು. "ಅಯ್ಯೋ! ನಮ್ಮ ಹುಡುಗಿ ನಿಜವಾಗ್ಲೂ ಮಲಗಿಬಿಟ್ಟಳಲ್ಲಾ!"

"ಶ್! ಸುಮ್ಮನಿರಿ ಅಮ್ಮಾ, ಇದು ಹೊಸ ಸಂಗೀತ," ಎಂದರು ಪಕ್ಕದವರು.

"ಇದೇನು ಹೊಸದು? ಅವರಪ್ಪನೂ ಇದನ್ನೇ ಹಾಡ್ತಿದ್ರು!"

ವಾದ್ಯದವರಲ್ಲಿ ಆಳೆತ್ತರದ ಪಿಟೀಲು ಹಿಡಿದವನು ಒಬ್ಬನಿದ್ದ. ಆ ಪುಣ್ಯಾತ್ಮ ಗೊರಕೆಯ ಶ್ರುತಿ ಹಿಡಿದು "ಗುಂಯ್" ಎಂದು ಜೊತೆಗೂಡಿದ! ಸಭೆಯಲ್ಲಿ ಯಾರೋ "ಭೇಷ್!" ಎಂದರು. ಮೌನಪ್ಪನವರ ಮುಖ ಮಾತ್ರ ಬಿಳಿಚಿಕೊಂಡಿತ್ತು. ಸನ್ನೆ ಮಾಡಿದರು. ಪಿಟೀಲು ಶುರುವಾಯಿತು. ಅವಳು ಏಳಲಿಲ್ಲ. ಮತ್ತೊಮ್ಮೆ ಸನ್ನೆ. ಮತ್ತೊಮ್ಮೆ ಪಿಟೀಲು. ಉತ್ತರವಾಗಿ ಇನ್ನೂ ಸೊಗಸಾದ ಗೊರಕೆ.

"ಏ! ಏಳೇ! ನಿನ್ನ ಹಾಡು ಬಂತು!" ಎಂದು ಒಳಗಿಂದಲೇ ಪಿಸುಗುಟ್ಟಿದೆ. ಕೈಗೆ ಸಿಕ್ಕ ಪೊರಕೆಯ ಕೋಲಿನಿಂದ ಅಡ್ಡಪಟ್ಟಿಗಳ ನಡುವೆ ತಿವಿದೆ. ಮೋಡ ಅದನ್ನು ನುಂಗಿತು. ಜೋರಾಗಿ ತಿವಿದೆ. ನುಂಗಿತು! ಆನೆಯೇ ಹೊರಳಿದರೂ ಗೊತ್ತಾಗದ ಹಾಸಿಗೆಗೆ ಪೊರಕೆ ಯಾವ ಲೆಕ್ಕ? ವೃತ್ತಿಜೀವನದಲ್ಲಿ ನಾನು ಗಿರಾಕಿಗಳಿಗೆ ಹೇಳಿದ್ದೆಲ್ಲ ನಿಜವೆಂದು ಅವತ್ತೇ ಗೊತ್ತಾಗಿದ್ದು. ಅಂಥ ಸಮಯದಲ್ಲೇ ಗೊತ್ತಾಗಬೇಕೇ?

ಉಳಿದದ್ದು ಒಂದೇ ದಾರಿ. ಒಂದು ಕೈಯಲ್ಲಿ ಬಲ್ಬ್ ಹಿಡಿದು ಚೌಕಟ್ಟು ಹತ್ತಿದೆ. ಅಡ್ಡಪಟ್ಟಿಗಳಿಗೆ ಹೆಗಲು ಕೊಟ್ಟು, ಕುಲದೇವರನ್ನು ನೆನೆದು, ಎತ್ತಿದೆ! ಆ ಚೌಕಟ್ಟನ್ನು ಕಟ್ಟಿದ್ದು ಬಲ್ಬಿಗಾಗಿ, ಗಂಡನಿಗಾಗಿ ಅಲ್ಲ. ಮೊದಲು "ಕಿರ್" ಎಂದಿತು. ಆಮೇಲೆ ವಾಲಿತು. ಆಮೇಲೆ ಇಡೀ ಗೋಪುರ, ಅಂಚು, ಏಣಿ, ಪೊರಕೆ, ನಾನು, ಎಲ್ಲವೂ ಧಡಾರನೆ ಸಭೆಯ ಮುಂದೆ! ಮೋಡ ಮಾತ್ರ ದೋಣಿಯಂತೆ ಜಾರಿ ಬಂದು, ನನ್ನವಳನ್ನು ಹೊತ್ತೇ, ರಂಗದ ಅಂಚಿನಲ್ಲಿ ನಿಂತಿತು.

ಅವಳು ಕಣ್ಣು ತೆರೆದಳು. ಎದುರಿಗೆ ಬೋರಲಾಗಿ ಬಿದ್ದು, ಉರಿಯುವ ಹಸಿರು ಬಲ್ಬ್ ಹಿಡಿದಿರುವ ಗಂಡ. ಕೆಲಸ ಹೋಯಿತು, ಎಡಗೋಡೆ ಕಾಯಂ ಎಂದುಕೊಂಡು ನಾನು ಕಣ್ಣು ಮುಚ್ಚಿದೆ.

"ಯಾರು ನೀನು, ಕಾಣದವನೇ? ಏಕೆ ಕಸಿದೆ ನನ್ನ ನಿದ್ದೆಯ?"

ಹಾಡು! ರಾಜಕುಮಾರಿ ಬಟಾಣಿಗೆ ಹಾಡಬೇಕಾದ ಅದೇ ಹಾಡು! ತಾಲೀಮಿನಲ್ಲಿ ಮೌನಪ್ಪನವರು ದಿನಾ "ಕೋಪ ಸಾಲದು, ಕೋಪ ಸಾಲದು" ಅನ್ನುತ್ತಿದ್ದರಂತೆ. ಈಗ ನೋಡಬೇಕಿತ್ತು! ಅವಳು ಒಂದು ಹೆಜ್ಜೆ ಮುಂದಿಟ್ಟರೆ ನಾನು ಅಂಬೆಗಾಲಿನಲ್ಲಿ ಒಂದು ಹೆಜ್ಜೆ ಹಿಂದಕ್ಕೆ. ಸ್ವರ ಏರಿದಂತೆ ನಾನು ಕುಗ್ಗಿದೆ. ರಂಗಕ್ಕೆ ಪೂರ್ತಿ ಒಂದು ಸುತ್ತು ಹಾಕಿಸಿದಳು! ಕೊನೆಯ ತಾರಸ್ವರಕ್ಕೆ ನನ್ನ ಕಿವಿ ಹಿಡಿದು ಎತ್ತಿ ನಿಲ್ಲಿಸಿದಳು. ಸಭೆ ಎದ್ದು ನಿಂತಿತು. ಚಪ್ಪಾಳೆಗೆ ಮಂದಿರ ನಡುಗಿತು. ಮೌನಪ್ಪನವರು ಬಾಯಿ ಬಿಟ್ಟು ಅಳುತ್ತಿದ್ದರು!

ಬಣ್ಣದ ಕೋಣೆಯಲ್ಲಿ ಅವಳ ಹತ್ತಿರ ಹೋಗಲು ಧೈರ್ಯ ಸಾಲಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದೆ. "ತುಂಬಾ ಕೋಪಾನಾ?"

"ಇಲ್ದೆ? ಎಷ್ಟೋ ದಿನ ಆದ್ಮೇಲೆ ಅಷ್ಟು ಒಳ್ಳೇ ನಿದ್ದೆ ಬಂದಿತ್ತು ರೀ!"

ಅಷ್ಟರಲ್ಲಿ ಮುಖ್ಯಸ್ಥರು ಒಳಗೆ ಬಂದರು. ಅವರ ಬೆನ್ನಿಗೇ ಅತ್ತೆ.

"ಅಮ್ಮಾ, ಇಂಥ ಕೋಪ ನಾನು ಯಾವ ರಂಗದ ಮೇಲೂ ಕಂಡಿಲ್ಲ. ನಾಳೆಯಿಂದಲೇ ನಮ್ಮಲ್ಲಿಗೆ ಬನ್ನಿ. ಇದೇ ಒಪೆರಾ ಮಾಡೋಣ. ಆ ಗೊರಕೆ, ಆ ಬೀಳೋದು, ಎಲ್ಲಾ ಹೀಗೇ ಇರಲಿ!"

ನನ್ನವಳು ಕುಣಿದೇಬಿಟ್ಟಳು. ನನ್ನ ಎದೆ ಎರಡು ಹಾಸಿಗೆಯಷ್ಟು ಉಬ್ಬಿತು. ಹರಿದ ತೋಳು ಸರಿಮಾಡಿಕೊಂಡು, ಅಭಿನಂದನೆ ಸ್ವೀಕರಿಸಲು ಕೈ ಮುಂದೆ ಚಾಚಿದೆ.

ಅವರು ನನ್ನ ಕೈಯನ್ನು ನೋಡಲೇ ಇಲ್ಲ. "ಒಂದೇ ಬದಲಾವಣೆ. ಬಟಾಣಿ ಸ್ವಲ್ಪ ಅತಿಯಾಗಿ ನಟಿಸಿಬಿಡ್ತು. ಆ ಪಾತ್ರಕ್ಕೆ ಬೇರೆಯವರನ್ನ ಹಾಕ್ತೀವಿ. ನಿಮ್ಮ ಅಭ್ಯಂತರ ಏನಾದ್ರೂ ಇದೆಯಾ?"

ನಾನು ನನ್ನವಳ ಮುಖ ನೋಡಿದೆ. ಅತ್ತೆಯೂ ನೋಡಿದರು. ಈಗ ಹೇಳುತ್ತಾಳೆ, "ಅವರಿಲ್ಲದೆ ನಾನಿಲ್ಲ" ಅನ್ನುತ್ತಾಳೆ!

"ಅಯ್ಯೋ, ಧಾರಾಳವಾಗಿ ಹಾಕಿ ಸರ್," ಎಂದಳು. "ಮನೇಲಿ ಹೇಗೂ ಆ ಪಾತ್ರ ದಿನಾ ಇವರೇ ಮಾಡ್ತಾರೆ!"