ದೋಸೆ ಪುಸ್ತಕದ ಐದನೆಯವರು

ಅದು ಬಿಸಿಯೂಟದ ಮಹಾಯುಗ. ಪ್ರಾರ್ಥನೆಯ ಗಂಟೆಗೂ ಸಾಂಬಾರಿನ ಘಮಕ್ಕೂ ನಡುವೆ ಎಷ್ಟು ಸಾಧ್ಯವೋ ಅಷ್ಟು ವಿದ್ಯೆ ಕಲಿಯುತ್ತಿದ್ದ ಆ ಪುಣ್ಯಕಾಲದಲ್ಲಿ, ರಕ್ತವರ್ಣಲೇಖನೀಧಾರಿಣಿಯೂ ತಿಪಟೂರಿನ ಒಂದು ಮೂರನೇ ತರಗತಿಯ ಏಕೈಕ ಒಡತಿಯೂ ಆದ ಪಂಕಜಾಕ್ಷಿ ಮಿಸ್ಸು, ಅರ್ಧ ತರಗತಿಯ ಉತ್ತರಗಳನ್ನು ತಿದ್ದಿ ಕೆಡವಿ, ಹೊನ್ನಶ್ರೀಯ ನೋಟ್‌ಬುಕ್ಕಿನೆದುರು ಗಕ್ಕನೆ ನಿಂತರು.

ಓದಿದ್ದು ದೋಸೆಯ ಕತೆ. ಪ್ರಶ್ನೆ: ಮನೆಯಲ್ಲಿ ದೋಸೆ ತಿಂದವರು ಎಷ್ಟು ಜನ? ಪುಸ್ತಕದ ಕೊನೆಯಲ್ಲಿ ಅಚ್ಚಾದ ಉತ್ತರ: ಐದು. ಮುಂದಿನ ಹಲ್ಲು ಬಿದ್ದ, ಒಂದು ಜಡೆ ಬಿಚ್ಚಿದ ಈ ವೀರಾಗ್ರಣಿ ಬರೆದದ್ದು: ನಾಲ್ಕು.

ಮಿಸ್ಸು ಗೀಟೆಳೆದರು. ಭೂಮಿ ನಡುಗಲಿಲ್ಲ; ಹೊನ್ನಶ್ರೀ ಎದ್ದಳು.

“ನಂದು ಸರಿ ಮಿಸ್.”

‘ಇಪ್ಪತ್ತು ವರ್ಷ ಸೀಮೆಸುಣ್ಣದ ಧೂಳನ್ನೇ ಭಸ್ಮವಾಗಿ ಧರಿಸಿದ ನನ್ನೊಡನೆ, ಮೊನ್ನೆ ಒತ್ತಕ್ಷರ ಕಲಿತ ನೀನು ಸೆಣಸುವೆಯಾ ಬಾಲೆ?’ ಎಂಬರ್ಥ ಬರುವಂತೆ ಮಿಸ್ಸು, “ಕೂತ್ಕೊಳೆ ಸುಮ್ನೆ” ಎಂದರು.

“ಏನೇ ಹೇಳಿದ್ರೂ ಪುಟದ ಮೇಲೆ ಬೆರಳಿಟ್ಟು ತೋರಿಸ್ಬೇಕು ಅಂತ ನೀವೇ ಹೇಳಿದ್ದು. ಅಮ್ಮ ತಿಂದಿದ್ದು ಎಲ್ಲಿದೆ, ತೋರ್ಸಿ.”

ಸ್ವಹಸ್ತದಿಂದಲೇ ಸಾಣೆ ಹಿಡಿದು ಹಂಚಿದ ಅಸ್ತ್ರ ತಮ್ಮತ್ತಲೇ ತಿರುಗಿದ್ದನ್ನು ಕಂಡು ಮಿಸ್ಸು ಪುಟಾರಣ್ಯವನ್ನು ಹೊಕ್ಕರು. ಅಜ್ಜ ತಿಂದು ಚಟ್ನಿ ಕೇಳಿದರು. ಅಪ್ಪ ತಿಂದು ಗರಿಗರಿ ಬೇಕೆಂದರು. ಅತ್ತೆ ತಿಂದರು, ಪುಟ್ಟ ತಿಂದ. ಅಮ್ಮನೂ ಪ್ರತಿ ಪುಟದಲ್ಲಿದ್ದಳು, ಬೆನ್ನು ಮಾತ್ರ.

“ಇಗೋ! ‘ಎಲ್ಲರ ಹೊಟ್ಟೆಯೂ ತುಂಬಿತು.’ ಎಲ್ಲರ ಅಂತಿದೆಯಲ್ಲ?”

“ಚಿತ್ರ ನೋಡಿ ಮಿಸ್. ತಟ್ಟೆ ನಾಕೇ. ಅಮ್ಮ ಕಾವಲಿ ಉಜ್ತಾ ಇದಾಳೆ.”

“ಆಮೇಲೆ ತಿಂತಾಳೆ ಬಿಡೇ!” ಹಿಂದಿನ ಸಾಲಿನಿಂದ ಮನ್ಸೂರ ಬಾಣ ಬಿಟ್ಟ.

“ಆಮೇಲೆ ಅನ್ನೋದು ಯಾವ ಪುಟ್ದಲ್ಲೋ?”

ಮನ್ಸೂರ ಧರೆಗುರುಳಿ ಪೆನ್ಸಿಲ್ ಕೆತ್ತತೊಡಗಿದ. ತರಗತಿಯೆಲ್ಲ ಮಿಸ್ಸಿನ ಮುಖ ನೋಡಿತು. ಈಗ ಸೋತರೆ ನಾಳೆಯಿಂದ ಮಗ್ಗಿಗೂ ಸಾಕ್ಷಿ ಕೇಳುತ್ತಾರೆ. ಅವರು ಕಡೆಯ ಬ್ರಹ್ಮಾಸ್ತ್ರವನ್ನೆತ್ತಿದರು.

“ಅಮ್ಮಂದಿರು ತಿಂದೇ ತಿಂತಾರೆ ಕಣೇ, ಅದನ್ನೂ ಬರೀಬೇಕಾ? ನಾನಿಲ್ವಾ? ಬೆಳಿಗ್ಗೆ ಎಲ್ಲರಿಗೂ ದೋಸೆ ಹುಯ್ದುಕೊಟ್ಟೇ ಬರೋದು.”

“ಇವತ್ತು ನೀವು ತಿಂದ್ರಾ ಮಿಸ್?”

ಮಿಸ್ಸು ಬಾಯಿ ತೆರೆದರು. ಸ್ಕೂಟರ್ ಕೀ ಹುಡುಕುತ್ತ ಬಾಯಿಗೆಸೆದುಕೊಂಡ ಸೀದ ಅಂಚೊಂದು ನೆನಪಾಯಿತು. ಅದನ್ನು ಯಾವ ಚಿತ್ರಕಾರನೂ ದೋಸೆಯೆಂದು ಬರೆಯಲಾರ. ಅಷ್ಟರಲ್ಲಿ ಅವರ ಉದರಗಹ್ವರದಿಂದಲೇ ದೀರ್ಘವಾದ ಶಂಖನಾದವೊಂದು ಮೊಳಗಿತು. ಮುಂದಿನ ಸಾಲು ಕಿಸಕ್ಕೆಂದಿತು.

ಗೀಟಿನ ಪಕ್ಕದಲ್ಲೇ ಅವರು ದೊಡ್ಡದಾಗಿ ರೈಟ್ ಹಾಕಿದರು.

“ಹಂಗಾದ್ರೆ ಪುಸ್ತಕದ್ದು ತಪ್ಪಾ ಮಿಸ್?”

“ಹೂಂ. ತಪ್ಪು. ಜಡೆ ಹಾಕ್ಕೊ ಹೋಗು.”

ಹೀಗೆ ಒಂದು ಮಾರ್ಕಿನ ಸಾಮ್ರಾಜ್ಯ ಕೈಬದಲಾಯಿತು. ವಿಜಯಿ ರಬ್ಬರ್ ಬ್ಯಾಂಡನ್ನು ಹಲ್ಲಲ್ಲಿ ಕಚ್ಚಿಕೊಂಡು ಜಡೆಗೆ ತೊಡಗಿದಳು. ಪರಾಜಿತೆ ಮುಂದಿನ ನೋಟ್‌ಬುಕ್ಕು ಎಳೆದುಕೊಂಡು, ಮುಖ ಗಂಭೀರವಾಗಿಟ್ಟುಕೊಂಡು, ಯಾರಿಗೂ ಹೇಳದೆ ತೀರ್ಮಾನಿಸಿದರು: ನಾಳೆ ಕಾವಲಿಗೆ ಅಂಟಿ ಹರಿಯುವ ಮೊದಲನೇ ದೋಸೆ ಯಜಮಾನರಿಗೆ. ಗರಿಗರಿ ಎರಡನೆಯದು ತಮಗೆ. ಕೂತು.