ಕ್ರೀಟಿನ ಬೆಟ್ಟದಲ್ಲಿ ಬಾಬಾ, ಮಾಮಾ ಮತ್ತು ನಾನು

ಗಲ್ಫಿನಲ್ಲಿ ಮನೆ ಡ್ರೈವರ್ ಆಗಿರುವವನು ತಮಾಷೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಅದು ಹಿಂದಿನ ಸೀಟಿನಲ್ಲೇ ಕೂತಿರುತ್ತದೆ. ನಾನು ದೋಹಾದ ಅಲ್ ಗರಾಫಾದಲ್ಲಿ ಒಂದು ಕತಾರಿ ಮನೆಗೆ ಆರು ವರ್ಷ ಗಾಡಿ ಓಡಿಸಿದವನು. ಯಜಮಾನರು ಸರ್ಕಾರಿ ಕೆಲಸದಿಂದ ನಿವೃತ್ತರಾಗಿದ್ದರು. ಅಲ್ಲಿನ ಪದ್ಧತಿಯಂತೆ ಅವರನ್ನು ಬಾಬಾ ಎಂದೂ ಅವರ ಹೆಂಡತಿಯನ್ನು ಮಾಮಾ ಎಂದೂ ಕರೆಯಬೇಕು. ಹೆಂಗಸನ್ನು ಮಾಮಾ ಎನ್ನಲು ಕಾರ್ಕಳದ ನನ್ನ ನಾಲಿಗೆ ಮೊದಮೊದಲು ತಡೆಯಿತು. ಆಮೇಲೆ ಸಂಬಳ ಬಂತು, ಸರಿಹೋಯಿತು.

೧. ಘಾಟಿಯ ಅನುಭವ

ಏಷ್ಯನ್ ಗೇಮ್ಸ್ ಬರುತ್ತದೆಂದು ದೋಹಾದ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದ ಕಾಲ. ಆ ಬೇಸಿಗೆಯಲ್ಲಿ ಬಾಬಾನ ಮಗ ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಸಮುದ್ರದ ಪಕ್ಕ ಹೋಟೆಲ್ ಬುಕ್ ಮಾಡಲು ಹೊರಟ. ಬಾಬಾ ಒಪ್ಪಲಿಲ್ಲ.

“ಸಮುದ್ರ ನಮ್ಮ ಕಾರ್ನಿಶ್ ರಸ್ತೆಯ ಪಕ್ಕದಲ್ಲೇ ಇದೆ. ನನಗೆ ಬೆಟ್ಟ ಬೇಕು. ಬೆಟ್ಟದ ಮೇಲಿನ ಹಳೇ ಹಳ್ಳಿ ಬೇಕು” ಎಂದರು.

ಕತಾರಿನಲ್ಲಿ ಬೆಟ್ಟ ಮಾಫಿ, ಅಂದರೆ ಇಲ್ಲವೇ ಇಲ್ಲ. ಪಶ್ಚಿಮದ ತುದಿಯ ದುಖಾನಿನ ತನಕ ಹೋದರೂ ಗಾಡಿ ಏರುವುದು ಫ್ಲೈಓವರ್ ಮಾತ್ರ. ಬಾಬಾ ನನ್ನನ್ನು ಕರೆದು, “ನಿನಗೆ ಬೆಟ್ಟದ ರಸ್ತೆ ಗೊತ್ತಾ?” ಎಂದು ಕೇಳಿದರು.

“ನಮ್ಮದು ಘಾಟಿಯ ಬುಡದ ಊರು ಬಾಬಾ. ಎಷ್ಟು ಸಲ ಹತ್ತಿ ಇಳಿದಿದ್ದೇನೋ ಲೆಕ್ಕವೇ ಇಲ್ಲ.”

ಇದು ಸುಳ್ಳಲ್ಲ. ಆದರೆ ಹತ್ತಿದ್ದು ಬಸ್ಸಿನಲ್ಲಿ, ಕಿಟಕಿ ಪಕ್ಕ ಕೂತು, ವಾಂತಿ ಬಾರದಿರಲೆಂದು ಲಿಂಬೆಹಣ್ಣು ಮೂಸುತ್ತ. ಬಾಬಾ, ಮಾಮಾ ಮತ್ತು ನಾನು ಮೂವರೇ ಹೊರಟೆವು. ಕ್ರೀಟಿನಲ್ಲಿ ಬಾಡಿಗೆಗೆ ಸಿಕ್ಕಿದ ಕಾರು ಗೇರಿನದ್ದು. ಆರು ವರ್ಷ ಆಟೋಮ್ಯಾಟಿಕ್ ಓಡಿಸಿದ ನನ್ನ ಎಡಗಾಲಿಗೆ ಕೆಲಸವೇ ಮರೆತುಹೋಗಿತ್ತು. ಮೊದಲ ಏರಿನಲ್ಲಿ ಇಂಜಿನ್ ನಿಂತಿತು. ಮತ್ತೆ ಚಾಲೂ ಮಾಡಿದೆ, ಗಾಡಿ ಹಿಂದಕ್ಕೆ ಜಾರಿತು. ಮೂರನೇ ಸಲ ಇನ್ನಷ್ಟು ಹಿಂದಕ್ಕೆ. ನನ್ನ ಅಂಗಿ ಬೆವರಿಗೆ ಒದ್ದೆ.

ಬಾಬಾ ಸಿಟ್ಟಾಗಲಿಲ್ಲ. ಶಾಂತವಾಗಿ ಕೇಳಿದರು: “ಹಳ್ಳಿ ಇರುವುದು ಮುಂದೆಯೋ, ಹಿಂದೆಯೋ?”

೨. ಹಾರ್ನ್

ಹೇಗೋ ಏರು ಹತ್ತಿದೆ. ಆಮೇಲೆ ತಿರುವುಗಳು ಶುರುವಾದವು. ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ. ಬಾಬಾ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು. ನನಗೆ ಗೊತ್ತಿದ್ದ ಘಾಟಿ ವಿದ್ಯೆ ಒಂದೇ, ಪ್ರತಿ ತಿರುವಿನಲ್ಲೂ ಹಾರ್ನ್ ಹೊಡೆಯುವುದು. ನಮ್ಮ ಬಸ್ಸಿನವರು ಮಾಡುತ್ತಿದ್ದುದನ್ನು ನೋಡಿದ್ದೆನಲ್ಲ!

ಹೊಡೆಯುತ್ತ ಹೊಡೆಯುತ್ತ ಒಂದು ಹಳ್ಳಿಯ ಒಳಗೇ ಬಂದುಬಿಟ್ಟೆವು. ಕಲ್ಲಿನ ಮನೆಗಳು, ಗಾಡಿಯಷ್ಟೇ ಅಗಲದ ಓಣಿ. ನೋಡುತ್ತಿದ್ದಂತೆ ಮನೆಮನೆಯಿಂದ ಕಪ್ಪು ಬಟ್ಟೆಯ ಮುದುಕಿಯರು ಹೊರಬಂದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪಾತ್ರೆ. “ಪ್ಸಾರಿ? ಪ್ಸಾರಿ?” ಎಂದು ಗಾಡಿಯನ್ನು ಮುತ್ತಿಕೊಂಡರು. ಒಬ್ಬಳು ಅಂಗೈಯನ್ನು ಬಳುಕಿಸಿ, ಈಜುವಂತೆ ಮಾಡಿ ತೋರಿಸಿದಳು.

ನನಗೆ ಆಗ ತಲೆಗೆ ಹೋಯಿತು. ನಮ್ಮ ಕರಾವಳಿಯ ಹಾಗೆಯೇ, ಇಲ್ಲೂ ಹಾರ್ನ್ ಹೊಡೆದುಕೊಂಡು ಮನೆ ಬಾಗಿಲಿಗೆ ಬರುವವನು ಮೀನಿನವನು!

ಮೀನಿಲ್ಲ ಎಂದು ಕೈಯಾಡಿಸಿದೆ. ಅವರು ನಂಬಲಿಲ್ಲ. ಒಬ್ಬಳು ಹಿಂದಿನ ಕಿಟಕಿಗೆ ಮುಖ ಹಚ್ಚಿ, ಬಿಳಿ ನಿಲುವಂಗಿಯಲ್ಲಿ ಕಣ್ಣು ಮುಚ್ಚಿ ಒರಗಿದ್ದ ಬಾಬಾನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತಾಜಾ ಅನಿಸಲಿಲ್ಲವೋ ಏನೋ, ಪಾತ್ರೆ ಮಗುಚಿಕೊಂಡು ವಾಪಸು ಹೋದಳು.

೩. ನೇ

ನಾವು ಉಳಿಯಬೇಕಿದ್ದ ಹಳ್ಳಿ ಇನ್ನೂ ಮೇಲಿತ್ತು. ದಾರಿ ಎರಡಾಗಿ ಒಡೆಯುವಲ್ಲಿ ಒಬ್ಬ ಮುದುಕ ಕುರಿ ಮೇಯಿಸುತ್ತಿದ್ದ. ಹಳ್ಳಿಯ ಹೆಸರು ಬರೆದ ಚೀಟಿ ತೋರಿಸಿ, ಎಡಗಡೆಯ ದಾರಿಗೆ ಕೈಮಾಡಿದೆ.

“ನೇ” ಎಂದ.

ಹಿಂದಿಯ ‘ನಹೀ’ ಇರಬೇಕೆಂದು ಬಲಗಡೆ ಹೋದೆ. ಮೈಲಿ ದೂರದಲ್ಲಿ ದಾರಿ ಆಡಿನ ಕೊಟ್ಟಿಗೆಯಲ್ಲಿ ಮುಗಿಯಿತು. ತಿರುಗಿಸಲು ಜಾಗವಿಲ್ಲದೆ ರಿವರ್ಸ್‌ನಲ್ಲೇ ಬಂದು, ಮತ್ತೆ ಎಡಗಡೆ ತೋರಿಸಿ ಕೇಳಿದೆ. “ನೇ, ನೇ!” ಎಂದು ಕೂಗಿದ.

“ಎರಡು ಸಲ ಬೇಡ ಎಂದ ಮೇಲೆ ಹೋಗಬಾರದು. ಅಲ್ಲಿ ಯಾರೋ ತೀರಿಕೊಂಡಿರಬೇಕು” ಎಂದರು ಬಾಬಾ.

ಮುದುಕನಿಗೆ ತಾಳ್ಮೆ ಮುಗಿಯಿತು. ಮುಂದಿನ ಬಾಗಿಲು ತೆರೆದು, ಕೋಲಿನ ಸಮೇತ ನನ್ನ ಪಕ್ಕ ಕೂತು, ಎಡಗಡೆಗೆ ಸ್ಟೇರಿಂಗನ್ನೇ ಎಳೆದ. ಹತ್ತು ನಿಮಿಷದಲ್ಲಿ ಹಳ್ಳಿ ಬಂತು. ಅಲ್ಲಿನ ಕಾಫಿ ಅಂಗಡಿಯವನು ಹಡಗಿನಲ್ಲಿ ದುಡಿದವನಂತೆ, ಇಂಗ್ಲಿಷ್ ಬರುತ್ತಿತ್ತು. ‘ನೇ’ ಎಂದರೆ ಗ್ರೀಕ್ ಭಾಷೆಯಲ್ಲಿ ಹೌದು ಎಂದು ಅವನು ಹೇಳಿದ. ನಾನು ಅದನ್ನು ಅರಬಿಗೆ ಇಳಿಸಿ ಬಾಬಾನಿಗೆ ಹೇಳಿದೆ.

ಬೆಳಗಿನಿಂದ ಬಾಯಿ ಬಿಡದಿದ್ದ ಮಾಮಾ ಆಗ ಕೇಳಿದರು: “ಗಾಡಿ ಓಡಿಸಲು ಬರುತ್ತದೆ ಎಂದೆಯಲ್ಲ, ಅದನ್ನು ಯಾವ ಭಾಷೆಯಲ್ಲಿ ಹೇಳಿದ್ದೆ?”

೪. ಕಾಫಿ ಬಟ್ಟಲು

ಆ ಹಳ್ಳಿಯಲ್ಲಿ ನಾವು ಒಂದು ವಾರ ಒಬ್ಬ ಅಜ್ಜಿಯ ಮನೆಯಲ್ಲಿದ್ದೆವು. ಹೊರಡುವ ಹಿಂದಿನ ಸಂಜೆ ಅಜ್ಜಿ ದ್ರಾಕ್ಷಿ ಚಪ್ಪರದ ಕೆಳಗೆ ಕೂರಿಸಿ ಪುಟ್ಟ ಬಟ್ಟಲುಗಳಲ್ಲಿ ಮಂದ ಕಾಫಿ ಕೊಟ್ಟಳು. ಕತಾರಿನಲ್ಲಿ ಕಾಫಿ ಸಾಕೆಂದರೆ ಬಟ್ಟಲನ್ನು ಅಲ್ಲಾಡಿಸಬೇಕು, ಇಲ್ಲದಿದ್ದರೆ ಹೊಯ್ಯುತ್ತಲೇ ಇರುತ್ತಾರೆ. ಬಾಬಾ ಕುಡಿದು ಅಲ್ಲಾಡಿಸಿದರು. ಅಜ್ಜಿಗೆ ಭಾರೀ ಖುಷಿ. ಬಟ್ಟಲು ಕಸಿದು, ಮೂರು ಸುತ್ತು ತಿರುಗಿಸಿ, ತಟ್ಟೆಯ ಮೇಲೆ ಕವುಚಿದಳು. ಅಲ್ಲಿ ಬಟ್ಟಲು ಅಲ್ಲಾಡಿಸಿದರೆ ಭವಿಷ್ಯ ಕೇಳಿದಂತೆ, ತಳದ ಕಾಫಿ ಗಷ್ಟು ನೋಡಿ ಹೇಳುತ್ತಾರಂತೆ. ಹೀಗೆಂದು ಅಜ್ಜಿಯ ಮೊಮ್ಮಗಳು ಇಂಗ್ಲಿಷಿನಲ್ಲಿ ನನಗೆ ವಿವರಿಸಿದಳು.

ಅಜ್ಜಿ ಬಟ್ಟಲಿನೊಳಗೆ ನೋಡಿ ಏನೋ ಹೇಳಿದಳು. ಮೊಮ್ಮಗಳು ನನಗೆ ಹೇಳಿದಳು: “ಇವರಿಗೆ ಇನ್ನೊಂದು ಮದುವೆ ಕಾಣುತ್ತಿದೆ.”

“ಏನಂತೆ?” ಎಂದರು ಬಾಬಾ.

ಪಕ್ಕದಲ್ಲೇ ಮಾಮಾ. ನನ್ನ ವೀಸಾ, ನನ್ನ ಕೋಣೆ, ನನ್ನ ಅನ್ನ ಎಲ್ಲ ಆ ಮನೆಯಲ್ಲಿ. “ಆಯುಸ್ಸು ಗಟ್ಟಿಯಂತೆ ಬಾಬಾ. ಮಂಡಿನೋವು ಗುಣವಾಗುತ್ತದಂತೆ” ಎಂದೆ.

“ಮಾಷಾ ಅಲ್ಲಾ! ಇನ್ನೂ ಕೇಳು.”

“ಹುಡುಗಿ ಎತ್ತರ, ಬೆಳ್ಳಗಿದ್ದಾಳೆ, ಸಮುದ್ರದ ಆಚೆಯವಳು” ಎಂದಳು ಮೊಮ್ಮಗಳು.

“ಸಮುದ್ರದ ಆಚೆಯಿಂದ ಒಳ್ಳೆಯ ಸುದ್ದಿ ಬರುತ್ತದಂತೆ. ವರ್ಷದೊಳಗೆ” ಎಂದೆ ನಾನು.

ಬಾಬಾ ಎದೆಯ ಮೇಲೆ ಕೈಯಿಟ್ಟುಕೊಂಡು, “ಬೇಗ ಬರಲಿ, ಆಸೆಯಿಂದ ಕಾಯುತ್ತಿದ್ದೇನೆ ಎಂದು ಹೇಳು” ಎಂದರು.

ಇದನ್ನು ಮೊಮ್ಮಗಳಿಗೆ ಹೇಳಲೋ ಬೇಡವೋ ಎಂದು ನಾನು ಯೋಚಿಸುತ್ತಿದ್ದೆ. ಆಗ ಮಾಮಾ ತಮ್ಮ ಬಟ್ಟಲು ಕೆಳಗಿಟ್ಟು, ಆ ಹುಡುಗಿಯ ಕಡೆ ತಿರುಗಿ, ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿದರು: “ಮದುಮಗಳನ್ನು ಬೇಗ ಕಳಿಸಲು ಅಜ್ಜಿಗೆ ಹೇಳಮ್ಮ. ಇವರ ಮಂಡಿಗೆ ಎಣ್ಣೆ ತಿಕ್ಕಿ ತಿಕ್ಕಿ ನನಗೆ ಸಾಕಾಗಿದೆ.”

ಆರು ವರ್ಷದಲ್ಲಿ ಮಾಮಾ ಒಂದೇ ಒಂದು ಇಂಗ್ಲಿಷ್ ಶಬ್ದ ಆಡಿದ್ದನ್ನು ನಾನು ಕೇಳಿರಲಿಲ್ಲ. ಅವರಿಗೆ ಬರುವುದಿಲ್ಲ ಎಂಬ ಧೈರ್ಯದಲ್ಲಿ ನಾನೂ ಮನೆಗೆಲಸದ ಫಿಲಿಪಿನೋ ಹೆಂಗಸೂ ಅವರ ಎದುರಿಗೇ ಅವರ ವಿಷಯವನ್ನು ಇಂಗ್ಲಿಷಿನಲ್ಲಿ ಆಡಿಕೊಳ್ಳುತ್ತಿದ್ದೆವು. ಶುಕ್ರವಾರ ಮಾಮಾ ತಾವೇ ಮಜ್ಬೂಸ್ ಎಂಬ ಮಾಂಸದ ಅನ್ನ ಮಾಡುತ್ತಿದ್ದರು. ಉಪ್ಪು ಸ್ವಲ್ಪ ಕಡಿಮೆ ಇರುತ್ತಿತ್ತು. ಅದಕ್ಕೆ ನಾವಿಬ್ಬರೂ ಇಟ್ಟ ಹೆಸರು ‘ಹಾಸ್ಪಿಟಲ್ ಫುಡ್’. ಆಮೇಲೊಂದು ಶುಕ್ರವಾರದಿಂದ ಉಪ್ಪು ಪೂರ್ತಿ ಮಾಯವಾಯಿತು.

ಮಾಮಾ ಈಗ ನನ್ನ ಕಡೆ ತಿರುಗಿದರು. ಅದೇ ಇಂಗ್ಲಿಷ್, ಮುಖದಲ್ಲಿ ಸಿಟ್ಟಿನ ಗುರುತೂ ಇಲ್ಲ.

“ಹಾಸ್ಪಿಟಲ್ ಫುಡ್ ಎಂದು ಕಿವಿಗೆ ಬಿದ್ದ ದಿನದಿಂದ, ನಿಮ್ಮಿಬ್ಬರ ಪಾಲನ್ನು ನಾನು ಉಪ್ಪು ಹಾಕುವ ಮೊದಲೇ ತೆಗೆದಿಡುತ್ತಿದ್ದೇನೆ.”